ಗುರುವಾರದ ಡಬ್ಬಿ

"ಡಬ್ಬಿ ಅಂದ್ರೆ ಏನು?"

ನಲವತ್ತು ಡಬ್ಬಿಗಳು ಸಾಲಾಗಿ ಕೂತಿರುವ ನಮ್ಮ ತಗಡಿನ ಅಂಗಡಿಗೆ ಬಂದು ಯಾರಾದರೂ ಹೀಗೆ ಕೇಳಿದರೆ ಮೈ ಉರಿಯದೆ ಇರುತ್ತದೆಯೇ? ಸುತ್ತಿಗೆ ಕೆಳಗಿಡದೆ ಹೇಳಿದೆ, "ಕಣ್ಣು ಬಿಟ್ಟು ನೋಡಿ. ಅದೇ."

ಬಂದವರು ಬೇಜಾರು ಮಾಡಿಕೊಳ್ಳಲಿಲ್ಲ. ಜಾರಿದ ಕನ್ನಡಕ ಮೇಲೇರಿಸಿ ನಕ್ಕರು. ನಿಘಂಟಿನ ಆಫೀಸಿನವರಂತೆ. ಜನ ಆಡುವ ಮಾತನ್ನು ಚೀಟಿಯಲ್ಲಿ ಬರೆದುಕೊಳ್ಳುವುದೇ ಕೆಲಸ. ಒಂದು ಚೀಟಿಗೆ ಒಂದೇ ವಾಕ್ಯ, ಕೆಳಗೆ ತಾರೀಖು, ಹೇಳಿದವರು ಯಾರು ಎನ್ನುವುದು. ಆ ಚೀಟಿಗಳನ್ನು ಇಡಲು ಒಂದು ಡಬ್ಬಿಯೂ ಬೇಕಿತ್ತು.

"ಡಬ್ಬ ಬೇರೆ, ಡಬ್ಬಿ ಬೇರೆನಾ?"

"ಎತ್ತೋಕೆ ಎರಡು ಕೈ ಬೇಕಾದ್ರೆ ಡಬ್ಬ. ಒಂದೇ ಕೈ ಸಾಕಾದ್ರೆ ಡಬ್ಬಿ."

ಅವರು ತಲೆಯೆತ್ತಿ ನನ್ನನ್ನು ನೋಡಿದ ರೀತಿಗೆ ನನಗೇಕೋ ಸೆರಗು ಸರಿಮಾಡಿಕೊಳ್ಳಬೇಕೆನಿಸಿತು.

"ಈ ಪದ ಎಲ್ಲಿಂದ ಬಂತು?" ನಾನೇ ಕೇಳಿದೆ.

"ಅಕ್ಕಪಕ್ಕದ ಭಾಷೆಗಳಲ್ಲೂ ಇದೆ. ಯಾರು ಯಾರಿಂದ ತಗೊಂಡ್ರೋ, ಹಿಂದಕ್ಕೆ ಹೋದಷ್ಟೂ ಗೊತ್ತಾಗಲ್ಲ."

ಖಾಲಿ ಡಬ್ಬಿಯೊಂದನ್ನು ತಟ್ಟಿದೆ. "ಡಬ್ ಅಂತು. ಅಲ್ಲಿಂದ ಬಂತು."

"ಚೆನ್ನಾಗಿದೆ. ಆದ್ರೆ ಪುರಾವೆ ಸಾಲದು."

"ನಮ್ಮಪ್ಪ ನಲವತ್ತು ವರ್ಷದಿಂದ ತಟ್ಟಿ ನೋಡ್ತಿದ್ದಾರೆ. ಇನ್ನೇನ್ರೀ ಪುರಾವೆ?"

ಮುಂದಿನ ಗುರುವಾರ ಮತ್ತೆ ಬಂದರು. ಅದರ ಮುಂದಿನ ಗುರುವಾರವೂ. "ನಿಘಂಟು ಬಂದ ನೋಡು," ಎಂದು ಅಪ್ಪ ಒಳಗಿನಿಂದಲೇ ಕೂಗುತ್ತಿದ್ದರು. ನಾನು ವಾರಕ್ಕೆ ಒಂದೇ ಬಳಕೆ ಹೇಳುತ್ತಿದ್ದೆ. ಒಂದು ವಾರ ರೈಲಿನ ಡಬ್ಬಿ, ಒಂದು ವಾರ ಅಂಚೆ ಡಬ್ಬಿ, ಇನ್ನೊಂದು ವಾರ "ಎಂಥ ಡಬ್ಬಾ ಸಿನಿಮಾ!" ನಿಜ ಹೇಳಬೇಕೆಂದರೆ ಎಲ್ಲವೂ ಮೊದಲ ದಿನವೇ ಹೊಳೆದಿದ್ದವು. ಒಳಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಪಟ್ಟಿ ಮಾಡಿಟ್ಟಿದ್ದೆ. ಪದ ಮುಗಿದ ಮೇಲೆ ಅವರಿಗೆ ನಮ್ಮ ಬೀದಿಯಲ್ಲಿ ಏನು ಕೆಲಸ?

ಹೀಗೇ ತಿಂಗಳುಗಟ್ಟಲೆ ನಡೆದ ಮೇಲೆ ಒಂದು ಬುಧವಾರ, ಅವರ ಆಫೀಸಿನವರು ಹೇಳಿ ಮಾಡಿಸಿದ್ದ ಆರು ಡಬ್ಬಿ ಕೊಟ್ಟು ಬರಲು ನಾನೇ ಅಲ್ಲಿಗೆ ಹೋದೆ. ಅವರು ಇರಲಿಲ್ಲ. ಅಲ್ಲಿನ ಹಿರಿಯ ಮೇಡಂ ಡಬ್ಬಿಗಳನ್ನು ತಿರುಗಿಸಿ ನೋಡುತ್ತಾ ಹೇಳಿದರು, "ಡ ಅಕ್ಷರ ಅಚ್ಚಿಗೆ ಹೋಗಿ ಮೂರು ತಿಂಗಳಾಯ್ತಮ್ಮಾ. ಈಗ ಮ ನಡೀತಿದೆ."

ಮೂರು ತಿಂಗಳು! ನಾನು ಅಳೆದು ತೂಗಿ ಹೇಳಿದ ಮಾತುಗಳೆಲ್ಲ ಎಲ್ಲಿಗೆ ಹೋದವು? ಮನೆಗೆ ಬರುವಷ್ಟರಲ್ಲಿ ನಾಲ್ಕು ಸಲ ಅತ್ತೆ, ಐದು ಸಲ ಬೈದುಕೊಂಡೆ.

ಮರುದಿನ ಅವರು ಹೊಸ್ತಿಲು ದಾಟುವ ಮೊದಲೇ ಕೇಳಿದೆ, "ಡಬ್ಬಿ ಅಚ್ಚಾಗಿಹೋಯ್ತಂತೆ. ಹಾಗಾದ್ರೆ ನನ್ನ ಮಾತೆಲ್ಲ ಕಸಕ್ಕಾ?"

ಅವರ ಕಿವಿ ಕೆಂಪಾಯಿತು. ಚೀಲದಿಂದ ನಾನು ಮೊದಲು ಮಾಡಿಕೊಟ್ಟ ಡಬ್ಬಿ ತೆಗೆದು ಮುಂದಿಟ್ಟರು. ತುಂಬಾ ಚೀಟಿಗಳು. ಒಂದನ್ನು ಎತ್ತಿ ಓದಿದೆ.

"ನಾಲ್ಕನೇ ಡಬ್ಬೀಲಿ ಸೀಟಿದೆ, ಹತ್ತಿ." ತಾರೀಖು. ಹೇಳಿದವರು: ತಗಡಿನ ಅಂಗಡಿಯವರು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ: ಮೂಗಿನ ಮೇಲೆ ಮಸಿ ಇತ್ತು. ಚೆನ್ನಾಗಿ ಕಾಣುತ್ತಿತ್ತು, ಹೇಳಲಿಲ್ಲ.

ಇನ್ನೊಂದರಲ್ಲಿ: ಇವತ್ತು ಎರಡು ಸಲ ನಕ್ಕರು.

"ನಿಮ್ಮನ್ನ ನೋಡೋಕೆ ಬರ್ತಿದ್ದೆ," ಎಂದರು. "ಬೇರೆ ನೆಪ ಹೊಳೀಲಿಲ್ಲ. ತಪ್ಪಾಯ್ತು."

"ಮೂರು ತಿಂಗಳು ಸುಳ್ಳು ಹೇಳ್ಕೊಂಡು..." ಎಂದು ನಾನು ಶುರು ಮಾಡುವಷ್ಟರಲ್ಲಿ ಅಪ್ಪ ಬಂದು ಒಳಬಾಗಿಲನ್ನು ಪೂರ್ತಿ ತಿರುಗಿಸಿ ತೋರಿಸಿದರು.

"ಇವಳೇನು ಕಮ್ಮಿ ಅಂದ್ಕೊಂಡ್ಯಾ? ವಾರಕ್ಕೊಂದು ಅಂತ ಬರೆದಿಟ್ಕೊಂಡಿದ್ದಾಳೆ. ನೋಡಪ್ಪಾ, ಇನ್ನೂ ಹನ್ನೊಂದಿವೆ."

ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅವರು ಪಟ್ಟಿಯ ಹತ್ತಿರ ಹೋಗಿ, ಬೆರಳಿಟ್ಟು ಎಣಿಸಿ, ನನ್ನತ್ತ ತಿರುಗಿದರು. ಮುಖವೆಲ್ಲ ನಗು. "ಇನ್ನೂ ಹನ್ನೊಂದು ಗುರುವಾರ!"

ಒದ್ದೆ ಬಟ್ಟೆ ತೆಗೆದುಕೊಂಡು ಪಟ್ಟಿಯನ್ನು ಪೂರ್ತಿ ಒರೆಸಿಬಿಟ್ಟೆ.

ಅವರ ನಗು ಇಳಿಯಿತು. "ಇನ್ನು ಬರಬೇಡಿ ಅಂತಾನಾ?"

"ಪದ ಕೇಳ್ಕೊಂಡು ಬರಬೇಡಿ," ಎಂದೆ. "ಸುಮ್ನೆ ಬನ್ನಿ. ನನಗೂ ನೀವು ಬೇಕು. ಗುರುವಾರದ ತನಕ ಕಾಯೋಕಾಗಲ್ಲ."

ಶುಕ್ರವಾರ ನಾನು ಅಂಗಡಿ ತೆರೆಯುವ ಮೊದಲೇ ಬಂದು ನಿಂತಿದ್ದರು. ಚೀಟಿ, ಪೆನ್ನು ಯಾವುದೂ ಇರಲಿಲ್ಲ. ಮೂವರಿಗೆ ಊಟ ಕಟ್ಟಿಕೊಂಡು ಬಂದಿದ್ದರು, ಎರಡೂ ಕೈಯಲ್ಲಿ ಹಿಡಿದು.

"ಡಬ್ಬಿ ತಂದಿದ್ದೀನಿ," ಎಂದರು.

"ಡಬ್ಬ," ಎಂದು ತಿದ್ದಿ, ಒಂದು ಕಡೆ ನಾನೂ ಹಿಡಿದುಕೊಂಡೆ.