ಊಟ ಮಾಡಿದವರು ಒಂದು ಗಂಟೆ ತಡೆದು ಬನ್ನಿ

"ರೀ, ಆ ಮಷಿನ್ ಮೊದ್ಲ ನಿಂದ್ರಸ್ರಿ!"

ಸಿಟ್ಟಿನಲ್ಲಿ ನೀರಜಾಳ ಬಾಯಿಗೆ ಬಂದದ್ದು ಮನೆಯ ಕನ್ನಡ. ಛೇ... ಈ ಮಷಿನ್ ನಡೆಸುವವನಿಗೇನು ಅರ್ಥವಾಗಬೇಕು! ತಮಿಳಿನಲ್ಲಿ ಮತ್ತೆ ಶುರು ಮಾಡಬೇಕು ಎನ್ನುವಷ್ಟರಲ್ಲಿ ಅವನೇ ತಿರುಗಿ ಹೇಳಿದ.

"ಇನ್ನು ನಲ್ವತ್ತು ಸೆಕೆಂಡ್ ಉಂಟು ಮಾರಾಯ್ರೆ. ನಡುವಲ್ಲಿ ನಿಲ್ಲಿಸಿದ್ರೆ ಎಲ್ಲರಿಗೂ ಪೆಟ್ಟಾಗ್ತದೆ."

ನೀರಜಾ ತಬ್ಬಿಬ್ಬಾದಳು. "ನೀವು... ಕನ್ನಡದವ್ರೇನ್ರಿ?"

"ಹೌದು. ನೀವು ಬೈಲಿಕ್ಕೆ ಬಂದದ್ದಲ್ವಾ? ಬೈಯಿರಿ, ಕೇಳ್ತೇನೆ."

2003ರ ಮೇ ತಿಂಗಳು, ಭಾನುವಾರ, ಮಧ್ಯಾಹ್ನ ಎರಡು ಗಂಟೆ. ಚೆನ್ನೈಯ ಈಸ್ಟ್ ಕೋಸ್ಟ್ ರಸ್ತೆಯ ಆ ಮನರಂಜನಾ ಪಾರ್ಕಿನಲ್ಲಿ ರಜೆಯ ಜನ ಕಿಕ್ಕಿರಿದಿದ್ದರು. ನೀರಜಾ ಅಲ್ಲಿನ ಪ್ರಥಮ ಚಿಕಿತ್ಸೆ ಕೋಣೆಯ ನರ್ಸ್. ಕೆಲಸಕ್ಕೆ ಸೇರಿ ಒಂಬತ್ತು ದಿನವಾಗಿತ್ತು. ಅಷ್ಟರಲ್ಲೇ ಬಿದ್ದು ಗಾಯವಾದವರಿಗಿಂತ ವಾಂತಿ ಮಾಡಿಕೊಂಡು ಬಂದವರೇ ಹೆಚ್ಚು. ಅವರಲ್ಲಿ ಮುಕ್ಕಾಲು ಪಾಲು ಗರಗರ ತಿರುಗುವ ಈ ಕಪ್-ಸಾಸರ್‌ನಿಂದ ಇಳಿದವರು!

"ಬೆಳಗಿಂದ ಹನ್ನೊಂದು ಮಂದಿ," ಎಂದಳು ಅವಳು. "ನನ್ನ ಕೋಣ್ಯಾಗ ಮಲಗಸ್ಲಿಕ್ಕೆ ಇರೂದು ಎರಡ ಮಂಚ. ನೀವು ಜೋರ್ ತಿರುಗಿಸ್ತೀರಿ, ಅದಕ್ಕ ಹಿಂಗಾಗ್ತದ."

"ನಾನು ತಿರುಗಿಸುದಲ್ಲ. ಸ್ಪೀಡ್ ಒಂದೇ, ಅದು ಮಷಿನ್‌ನಲ್ಲೇ ಫಿಕ್ಸ್. ನಾನು ಬಟನ್ ಒತ್ತುವವ ಅಷ್ಟೆ."

ದೊಡ್ಡ ದೊಡ್ಡ ಕಪ್ಪುಗಳು ನಿಧಾನವಾಗಿ ನಿಂತವು. ಒಬ್ಬ ಹೆಂಗಸು ಇಳಿದವಳೇ ಬೇಲಿಯ ಹತ್ತಿರ ಓಡಿ ಬಗ್ಗಿದಳು.

"ಹನ್ನೆರಡು," ಎಂದಳು ನೀರಜಾ.

ಅವನು ನಗಲಿಲ್ಲ. ತನ್ನ ಸ್ಟೂಲಿನ ಕೆಳಗಿದ್ದ ನೀರಿನ ಬಾಟಲಿ ತೆಗೆದುಕೊಂಡು ಆ ಹೆಂಗಸಿನ ಕಡೆಗೆ ನಡೆದ.

*

ಮರುದಿನ ಪಾರ್ಕ್ ತೆರೆಯುವ ಮೊದಲೇ ಅವನು ಕೋಣೆಯ ಬಾಗಿಲಲ್ಲಿ ನಿಂತಿದ್ದ. ಹೆಸರು ಸುಕೇಶ್. ಊರು ಬ್ರಹ್ಮಾವರದ ಹತ್ತಿರ. ಅಪ್ಪ ಕೋಡಂಬಾಕ್ಕಂನ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಅಡುಗೆಯವರು. ಇವನು ಡಿಪ್ಲೊಮಾ ಮುಗಿಸಿ ಇಲ್ಲಿಗೆ ಬಂದು ಎರಡು ವರ್ಷ.

"ನಿನ್ನೆ ಒಟ್ಟು ಎಷ್ಟಾಯ್ತು?"

"ಹತ್ತೊಂಬತ್ತು."

"ಯಾವ ಯಾವ ಹೊತ್ತಿಗೆ? ಬರ್ದಿದ್ದೀರಾ?"

ಬರೆದಿದ್ದಳು. ಇಬ್ಬರೂ ರಿಜಿಸ್ಟರಿನ ಮೇಲೆ ಬಗ್ಗಿದರು. ಹತ್ತೊಂಬತ್ತರಲ್ಲಿ ಹದಿಮೂರು ಮಂದಿ ಒಂದೂವರೆಯಿಂದ ಮೂರರ ನಡುವೆ ಬಂದವರು. ಹೆಚ್ಚಿನವರು ಪಾರ್ಕಿನ ಕ್ಯಾಂಟೀನಿನಲ್ಲಿ ಬಿರಿಯಾನಿ ತಿಂದು ನೇರವಾಗಿ ಕಪ್ಪಿಗೆ ಹತ್ತಿದವರು. ಬೆಳಗ್ಗೆ ಬಂದ ನಾಲ್ವರದು ಬೇರೆ ಕಥೆ. ವಾಂತಿಯಾದೀತು ಎಂದು ಹೆದರಿ ಏನೂ ತಿನ್ನದೆ ಬಂದಿದ್ದರು.

"ಖಾಲಿ ಹೊಟ್ಟೀನೂ ಬ್ಯಾಡ, ತುಂಬಿದ ಹೊಟ್ಟೀನೂ ಬ್ಯಾಡ," ಎಂದಳು ನೀರಜಾ. "ಎರಡು ಇಡ್ಲಿ ತಿಂದು ಒಂದು ತಾಸು ಬಿಟ್ಟು ಹತ್ತಬೇಕು. ವಾಂತಿ ಬರದಂಗ ಮಾತ್ರೆ ತಗೊಳ್ಳೋರು ಮೊದ್ಲ ತಗೋಬೇಕು. ತಲಿ ತಿರುಗಿದ ಮ್ಯಾಲೆ ಬಂದು ಕೇಳಿದ್ರ ನಾ ಏನ್ ಮಾಡ್ಲಿ?"

ಸುಕೇಶ್ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. "ಒಂದು ವಿಷಯ ಹೇಳ್ತೇನೆ, ಯಾರಿಗೂ ಹೇಳ್ಬೇಡಿ. ಎರಡು ವರ್ಷ ಆಯ್ತು, ನಾನು ಒಂದು ಸಲವೂ ಅದರಲ್ಲಿ ಕೂತದ್ದಿಲ್ಲ. ನನಗೆ ಬಸ್ಸಲ್ಲೇ ವಾಂತಿ ಬರ್ತದೆ."

ನೀರಜಾಳಿಗೆ ನಗು ತಡೆಯಲಾಗಲಿಲ್ಲ. "ಹಂಗಾದ್ರ ಇವತ್ತ ಕೂಡೋಣ, ಬರ್ರಿ!"

ಟಿಕೆಟ್ ಕೌಂಟರಿನ ಗುಣವತಿಯಕ್ಕನನ್ನು ಬಟನ್ ಹತ್ತಿರ ನಿಲ್ಲಿಸಿ ಇಬ್ಬರೂ ಒಂದು ಹಳದಿ ಕಪ್ಪಿನಲ್ಲಿ ಕುಳಿತರು. ಸುಕೇಶನ ಮುಖ ಆಗಲೇ ಬಿಳಿಚಿತ್ತು.

"ತಲೀ ಹಿಂದ ಒತ್ತಿ ಇಡ್ರಿ, ಅಲ್ಲಾಡಿಸಬ್ಯಾಡ್ರಿ. ಕಪ್ಪಿನ ನಡುವಿನ ಚಕ್ರ ತಿರುಗಿಸಬ್ಯಾಡ್ರಿ. ಕೆಳಗ ನೋಡಬ್ಯಾಡ್ರಿ, ನನ್ನ ಮುಖಾನೂ ನೋಡಬ್ಯಾಡ್ರಿ. ದೂರ ಆ ಗಾಳಿಮರದ ಸಾಲು ಅದ ಅಲ್ಲಾ, ಅದನ್ನ ನೋಡ್ರಿ."

ಕಪ್ಪು ತಿರುಗಿತು. ಗಾಳಿಮರ, ಕ್ಯಾಂಟೀನ್, ಸಮುದ್ರ, ಗಾಳಿಮರ... ಎರಡು ನಿಮಿಷವೂ ಅವನು ಹಲ್ಲು ಕಚ್ಚಿ ಕುಳಿತಿದ್ದ. ನಿಂತಾಗ ಎರಡೂ ಕೈಯಿಂದ ಸೀಟು ಹಿಡಿದು ಕುಳಿತೇ ಇದ್ದ.

"ಹೆಂಗದ?"

"ಆಗ್ಲಿಲ್ಲ!" ಎಂದ ಅವನು ಆಶ್ಚರ್ಯದಿಂದ. "ಎಂತದೂ ಆಗ್ಲಿಲ್ಲ ಮಾರಾಯ್ರೆ! ಆದ್ರೆ ನೀವು ಹೇಳಿದ್ದು ಒಂದು ಕೇಳ್ಲಿಲ್ಲ ನಾನು."

"ಯಾವುದು?"

ಅವನು ಉತ್ತರಿಸದೆ ಇಳಿದು ಹೋದ. ಮುಖ ನೋಡಬೇಡಿ ಎಂದದ್ದೇ? ನೀರಜಾಳ ಕಿವಿ ಬಿಸಿಯಾಯಿತು. ಬಿಸಿಲಿಗೇ ಇರಬೇಕು ಎಂದುಕೊಂಡಳು.

ಅಂದಿನಿಂದ ಪ್ರತಿ ಸುತ್ತಿಗೂ ಮೊದಲು ಸುಕೇಶ್ ಮೈಕಿನಲ್ಲಿ ತಮಿಳಿನಲ್ಲಿ ಹೇಳತೊಡಗಿದ. ಊಟ ಮಾಡಿದವರು ಒಂದು ಗಂಟೆ ತಡೆದು ಬನ್ನಿ. ತಲೆ ಸೀಟಿಗೆ ಒತ್ತಿ, ದೂರ ನೋಡಿ. ಒಂದರ ಹಿಂದೆ ಒಂದು ಆಟ ಹತ್ತಬೇಡಿ, ನಡುವೆ ನೆರಳಲ್ಲಿ ಕುಳಿತು ಸ್ವಲ್ಪ ಸ್ವಲ್ಪ ನೀರು ಕುಡಿಯಿರಿ. ಮುಂದಿನ ಭಾನುವಾರ ಕೋಣೆಗೆ ಬಂದವರು ಒಂಬತ್ತು ಮಂದಿ. ಅದರ ಮುಂದಿನ ಭಾನುವಾರ ಐದೇ ಮಂದಿ.

ಸಂಜೆ ಬಸ್ ಸ್ಟಾಪಿನವರೆಗೆ ಇಬ್ಬರೂ ಒಟ್ಟಿಗೆ ನಡೆಯುವುದು ರೂಢಿಯಾಯಿತು. ಅವನ "ಎಂತ" ಅವಳಿಗೆ ತಮಾಷೆ, ಅವಳ "ಹೌದಲ್ರಿ" ಅವನಿಗೆ ತಮಾಷೆ. ಅವಳ ಅಪ್ಪ ಧಾರವಾಡ ಕಡೆಯವರು. ಪೆರಂಬೂರಿನಲ್ಲಿ ರೈಲ್ವೆ ಕೆಲಸ. ಮನೆಯ ಹೊರಗೆ ಇಷ್ಟು ಕನ್ನಡ ಅವಳು ಆಡಿದ್ದೇ ಇಲ್ಲ. ದಿನವೆಲ್ಲ ಕೂಡಿಟ್ಟ ಮಾತು ಆ ಹತ್ತು ನಿಮಿಷದ ದಾರಿಯಲ್ಲಿ ಮುಗಿಯುತ್ತಿರಲಿಲ್ಲ.

*

ಜೂನ್ ಮೊದಲ ವಾರ ಮ್ಯಾನೇಜರ್ ಅವಳನ್ನು ಕರೆದರು. ಮೇ ತಿಂಗಳ ಆರಂಭದಲ್ಲಿ ಬಂದಿದ್ದ ಒಂದು ಕುಟುಂಬ, ಆಟ ಹತ್ತಿ ಎಲ್ಲರಿಗೂ ವಾಂತಿಯಾಯಿತು ಎಂದು ದೂರು ಬರೆದಿತ್ತು. ಯಾವ ಆಟದಿಂದ ಎಷ್ಟು ಜನ ಬಂದಿದ್ದಾರೆ, ಪಟ್ಟಿ ಬೇಕು, ಇವತ್ತೇ ಬೇಕು ಎಂದರು. ನೀರಜಾ ಎರಡು ಹಾಳೆ ಬರೆದು ಕೊಟ್ಟಳು. ಮೊದಲನೆಯದರಲ್ಲಿ ಆಟಗಳ ಹೆಸರು, ಬಂದವರ ಸಂಖ್ಯೆ. ಎರಡನೆಯದರಲ್ಲಿ ಅವರು ಬಂದ ಹೊತ್ತು, ತಿಂದ ಊಟ, ಸುಕೇಶನ ಮೈಕಿನ ಮಾತು ಶುರುವಾದ ಮೇಲೆ ಕಡಿಮೆಯಾದ ಲೆಕ್ಕ.

ಮ್ಯಾನೇಜರ್ ಮೊದಲ ಹಾಳೆಯನ್ನು ಮಾತ್ರ ಓದಿದರು.

ಮರುದಿನ ಕಪ್-ಸಾಸರ್ ಹತ್ತಿರ ಬೇರೊಬ್ಬ ನಿಂತಿದ್ದ. ಸುಕೇಶ್ ಹೊರಗೆ ಪಾರ್ಕಿಂಗ್‌ನಲ್ಲಿ, ಸುಡುವ ಬಿಸಿಲಿನಲ್ಲಿ ಕಾರುಗಳಿಗೆ ಕೈ ತೋರಿಸುತ್ತಿದ್ದ! ನೀರಜಾ ಓಡಿ ಹೋದಳು.

"ಏನಾತ್ರಿ?"

"ಅದು ನಿಮಗೇ ಗೊತ್ತಿರ್ಬೇಕಲ್ಲ. ನಿಮ್ಮ ಪಟ್ಟಿ ತೋರಿಸಿಯೇ ಹೇಳಿದ್ರು."

"ನಾ ಹಂಗ ಬರ್ದಿಲ್ರಿ! ಎರಡನೇ ಹಾಳ್ಯಾಗ..."

"ಬರ್ದದ್ದು ಬಿಡಿ. ದಿನಾ ಸಂಜೆ ಒಟ್ಟಿಗೆ ನಡೀತಿದ್ವಿ. ಪಟ್ಟಿ ಕೊಡ್ತಿದ್ದೇನೆ ಅಂತ ನನ್ನತ್ರ ಒಂದು ಮಾತು ಹೇಳ್ಲಿಕ್ಕೆ ಆಗ್ಲಿಲ್ವಾ?"

ನಿಜ... ಹೇಳಬಹುದಿತ್ತು. ಹಿಂದಿನ ದಿನ ಸಂಜೆ ಮಾತಾಡುತ್ತಾ ಅದು ಮನಸ್ಸಿಗೇ ಬಂದಿರಲಿಲ್ಲ. ಹಿಂದೆ ಒಂದು ಕಾರು ಹಾರ್ನ್ ಮಾಡಿತು. ಅವನು ಅತ್ತ ತಿರುಗಿದ.

ಅಂದಿನಿಂದ ಅವನು ಬೇರೆ ಬಸ್ಸಿಗೆ ಹೋಗತೊಡಗಿದ. ಪುಣೆಯಲ್ಲಿರುವ ಮಾವನ ಹೋಟೆಲಿಗೆ ಹೋಗುತ್ತಾನಂತೆ, ಹದಿನೈದನೇ ತಾರೀಕಿಗೆ ಕೆಲಸ ಬಿಡುತ್ತಾನಂತೆ ಎಂದು ಗುಣವತಿಯಕ್ಕ ಹೇಳಿದಾಗ ನೀರಜಾಳ ಕೈಯಲ್ಲಿದ್ದ ಹತ್ತಿಯ ಸುರುಳಿ ಕೆಳಗೆ ಬಿತ್ತು.

ಅಂದು ರಾತ್ರಿ ಊಟ ಸೇರಲಿಲ್ಲ. ಅತ್ತರೆ ಏನು ಬಂತು? ಅವನ ತಪ್ಪಿಲ್ಲ ಎಂದು ತೋರಿಸಲು ತನ್ನ ಹತ್ತಿರ ಇರುವುದು ಒಂದೇ, ಆ ರಿಜಿಸ್ಟರ್.

ಹೊಸಬ ಮೈಕ್ ಮುಟ್ಟುತ್ತಿರಲಿಲ್ಲ. ಭಾನುವಾರ ಮೂರು ಗಂಟೆಯೊಳಗೆ ಹದಿನಾರು ಮಂದಿ ಬಂದರು. ಮಂಚ ಸಾಲದೆ ನೆಲದ ಮೇಲೆ ಚಾಪೆ ಹಾಸಿದಳು. ಪ್ರತಿಯೊಬ್ಬರನ್ನೂ ಕೇಳಿ ಬರೆದಳು. ಸೋಮವಾರ ಬೆಳಗ್ಗೆ ಮ್ಯಾನೇಜರ್ ಮೇಜಿನ ಮೇಲೆ ಈ ಸಲ ಎರಡನೇ ಹಾಳೆಯನ್ನು ಮೇಲಿಟ್ಟಳು.

"ಎನ್ನಮ್ಮಾ ಇದು?" ಎಂದರು ಅವರು.

"ಸಾರ್, ಹೇಳೋದಕ್ಕೆ ಒಬ್ಬ ಮನುಷ್ಯ ಇದ್ದ ಭಾನುವಾರ ಐದು. ಅವನನ್ನು ಬಿಸಿಲಿಗೆ ಕಳಿಸಿದ ಭಾನುವಾರ ಹದಿನಾರು. ಮಷಿನ್ ಅದೇ, ಸ್ಪೀಡ್ ಅದೇ," ಎಂದಳು ನೀರಜಾ ತಮಿಳಿನಲ್ಲಿ. ಹಾಳೆಯನ್ನು ಅವರ ಹತ್ತಿರ ಸರಿಸಿದಳು. "ಹೋದ ವಾರ ಈ ಹಾಳೆಯನ್ನು ನೀವು ಓದಲಿಲ್ಲ. ಈಗ ನನ್ನೆದುರಿಗೇ ಓದಿ ಸಾರ್."

ಅವರು ಕನ್ನಡಕ ಹಾಕಿಕೊಂಡು ಓದಿದರು. ಎರಡು ಸಲ ಓದಿದರು.

*

ಮಂಗಳವಾರ ಮಧ್ಯಾಹ್ನ ಕೋಣೆಯ ಕಿಟಕಿಯಲ್ಲಿ ಮೈಕಿನಿಂದ ಸುಕೇಶನ ಧ್ವನಿ ಕೇಳಿಸಿತು. ತಲೆ ಸೀಟಿಗೆ ಒತ್ತಿ, ದೂರ ನೋಡಿ... ನೀರಜಾ ಕೈ ಒರೆಸಿಕೊಂಡು ಎದ್ದು ನಿಂತಳು. ಮತ್ತೆ ಕುಳಿತಳು. ಕೆಲಸ ವಾಪಸ್ ಕೊಟ್ಟರು, ಸರಿ. ಹದಿನೈದಕ್ಕೆ ಹೋಗುವವನು ಹೋಗಿಯೇ ಹೋಗುತ್ತಾನಲ್ಲ?

ಸಂಜೆ ಐದೂವರೆಗೆ ಅವನು ಬಾಗಿಲಿಗೆ ಬಂದ.

"ಮ್ಯಾನೇಜರ್ ಎಲ್ಲ ಹೇಳಿದ್ರು. ಎದುರು ನಿಂತು ಓದಿಸಿದ್ರಂತೆ?"

"ಹೂಂ."

"ಹೆದ್ರಿಕೆ ಆಗ್ಲಿಲ್ವಾ?"

"ಆತ್ರಿ," ಎಂದಳು. ಕಣ್ಣು ತುಂಬಿತು. "ಆದ್ರ ನಿಮಗ ಮೊದ್ಲ ಹೇಳ್ಬೇಕಿತ್ತು. ಅದು ನನ್ನ ತಪ್ಪು. ಕ್ಷಮಿಸ್ರಿ."

"ನಂದೂ ತಪ್ಪೇ. ಕೇಳ್ದೆ ಸಿಟ್ಟು ಮಾಡಿದೆ. ಒಂದು ವಾರ ಬೇರೆ ಬಸ್ಸಲ್ಲಿ ಹೋದೆ. ಅದ್ರಲ್ಲಿ ಮಾತಾಡ್ಲಿಕ್ಕೆ ಯಾರೂ ಇಲ್ಲ."

"ಪುಣೆ?" ಎಂದಳು ಅವಳು ಸಣ್ಣಗೆ.

"ಮಾವನಿಗೆ ಫೋನ್ ಮಾಡಿ ಬರುದಿಲ್ಲ ಅಂದೆ. ಯಾಕೆ ಅಂತ ಕೇಳಿದ್ರು. ಇಲ್ಲಿ ಒಬ್ಬರು ಇದ್ದಾರೆ, ಅವರನ್ನು ಬಿಟ್ಟು ಬರ್ಲಿಕ್ಕೆ ನನ್ನಿಂದ ಆಗುದಿಲ್ಲ ಅಂತ ಹೇಳಿದೆ."

ನೀರಜಾ ಮೇಜಿನ ಮೇಲಿದ್ದ ರಿಜಿಸ್ಟರನ್ನು ಮುಚ್ಚಿ ಮತ್ತೆ ತೆರೆದಳು.

"ನಿಮ್ಮ ಅಪ್ಪನನ್ನು ನೋಡ್ಲಿಕ್ಕೆ ಬರ್ಬೇಕು," ಎಂದ ಸುಕೇಶ್. "ನನ್ನ ಅಪ್ಪನನ್ನೂ ಕರ್ಕೊಂಡು ಬರ್ತೇನೆ. ಭಾನುವಾರ?"

"ಭಾನುವಾರ ನಿಮಗೂ ರಜಾ ಇಲ್ಲ, ನನಗೂ ಇಲ್ಲ."

"ಸೋಮವಾರ?"

"ಅಪ್ಪಾಂದು ಡ್ಯೂಟಿ."

"ಮಂಗಳವಾರ ಬರ್ಲಾ?"

"ಮಂಗಳವಾರ ಇಂಥಾ ಮಾತಿಗೆ ಅವ್ವ ಒಪ್ಪೂದಿಲ್ರಿ."

"ಹಾಗಾದ್ರೆ ಮುಂದಿನ ಬುಧವಾರ. ಅಲ್ಲ... ನಿಲ್ಲಿ." ಅವನು ಒಂದು ಹೆಜ್ಜೆ ಹತ್ತಿರ ಬಂದ. "ಅಪ್ಪ, ಅವ್ವ ಎಲ್ಲ ಆಯ್ತು. ನೀವು ಎಂತ ಹೇಳ್ತೀರಿ ಅಂತ ನಾನು ಕೇಳ್ಲೇ ಇಲ್ಲ."

ನೀರಜಾ ಕಣ್ಣು ಒರೆಸಿಕೊಂಡು ನಕ್ಕಳು.

"ಒಲ್ಲೆ ಅನ್ನೋಳು ಒಂದೊಂದ ದಿನ ಲೆಕ್ಕ ಹಾಕಿ ಹೇಳ್ತಾಳೇನ್ರಿ? ಬುಧವಾರ ಹತ್ತಕ್ಕ ಬರ್ರಿ. ನಾ ಪೆರಂಬೂರ್ ಸ್ಟೇಷನ್ನಿಗೆ ಬಂದು ನಿಂತಿರ್ತೀನಿ."