ಒಂದೇ ಹೃದಯಕ್ಕೆ ಎರಡು ಕೋಡ್

ಬೆಳಿಗ್ಗೆ ಹತ್ತು ಗಂಟೆಗೆ ದೂರು ಹೊತ್ತು ಠಾಣೆಗೆ ಬಂದವಳು ಬಟ್ಟೆ ಹೊಲಿಯುವ ಹೆಂಗಸು. ಹಿಂದಿನ ತಿಂಗಳು ಅವಳ ಹಸುಗೂಸು, ಹೆಣ್ಣುಮಗು, ಮಕ್ಕಳ ಆಸ್ಪತ್ರೆಯಲ್ಲಿ ಹೃದಯದ ಆಪರೇಷನ್ನಿಗೆ ಕಾಯುತ್ತಲೇ ತೀರಿಕೊಂಡಿತ್ತು. ನಿನ್ನೆ ವಿಮಾ ಕಚೇರಿಯವರು ಫೋನ್ ಮಾಡಿ, ಆಪರೇಷನ್ ಆದಮೇಲೆ ಮಗಳು ಹೇಗಿದ್ದಾಳೆಂದು ವಿಚಾರಿಸಿದ್ದರು.

"ಕೂಸನ್ನ ಬದಲಾಯಿಸಿದಾರೆ ಸಾರ್. ನಾನು ಮಣ್ಣು ಮಾಡಿದ್ದು ಯಾರದ್ದನ್ನೋ."

"ಮುಖ ನೋಡಿರಲಿಲ್ವೇನಮ್ಮಾ?" ಎಂದರು ಇನ್ಸ್‌ಪೆಕ್ಟರ್.

"ಊದಿಕೊಂಡಿತ್ತು. ಮುಖದ ತುಂಬ ಪಟ್ಟಿ, ಪೈಪು. ಅವಳನ್ನ ಎತ್ತಿಕೊಂಡಿದ್ದೇ ಎರಡು ಸಲ. ಬದುಕಿದಾಳೆ ಸಾರ್, ಹುಡುಕಿಕೊಡಿ."

ಎಫ್‌ಐಆರ್ ದಾಖಲಾಯಿತು. ಆಸ್ಪತ್ರೆಯ ಕಂಪ್ಯೂಟರ್ ಕೂಡ ಅವಳ ಮಗಳಿಗೆ ಆಪರೇಷನ್ ಆಗಿದೆಯೆಂದೇ ತಾರೀಖು ಸಮೇತ ಹೇಳಿತು. ಆ ದಿನ ಅಂಥ ಆಪರೇಷನ್ ಆದದ್ದು ಒಂದೇ. ಆ ಮಗು ನಾಲ್ಕನೇ ಹಾಸಿಗೆಯಲ್ಲಿತ್ತು. ತಾಯಿ ಪೊಲೀಸರಿಗಿಂತ ಮೊದಲೇ ಅಲ್ಲಿಗೆ ಓಡಿದಳು.

"ಹಣೆ ನೋಡಿ ಸಾರ್, ನಮ್ಮವರದ್ದೇ!"

ಪಕ್ಕದಲ್ಲಿ ಕುಳಿತಿದ್ದ ಮುದುಕಿ ಎದ್ದು ಅಡ್ಡ ನಿಂತಳು. "ಯಾರೇ ನೀನು? ನನ್ನ ಮೊಮ್ಮಗನ್ನ ಮುಟ್ಟಬೇಡ."

ಮಹಿಳಾ ಪೇದೆ ಹೊದಿಕೆ ಸರಿಸಿದಳು. "ಗಂಡು ಸಾರ್."

"ಸರಿಯಾಗಿ ನೋಡಿ ಅಕ್ಕಾ," ಎಂದಳು ತಾಯಿ.

ಪೇದೆ ಇನ್ನೊಮ್ಮೆ ನೋಡಿದಳು. ಪಂಚನಾಮೆಗೆ ಸಾಕ್ಷಿ ನಿಂತವರು ಈ ಪ್ರಕರಣವನ್ನು ಹೇಳುವಾಗ ಇಂದಿಗೂ ಇಲ್ಲಿ ಸ್ವಲ್ಪ ನಿಲ್ಲಿಸುತ್ತಾರೆ.

ಪ್ರತಿ ಶಸ್ತ್ರಚಿಕಿತ್ಸೆಗೂ ಅದರದರ ಸಂಖ್ಯೆ ಹಚ್ಚಿ ವಿಮಾ ಕಚೇರಿಯ ಅನುಮತಿ ಪಡೆಯುವ ಕೋಡಿಂಗ್ ಕೊಠಡಿ ನೆಲಮಾಳಿಗೆಯಲ್ಲಿತ್ತು. ಅಲ್ಲಿ ಕೆಲಸ ಮಾಡುವವಳನ್ನು ಇಡೀ ಆಸ್ಪತ್ರೆ ಕೋಡಮ್ಮ ಎಂದೇ ಕರೆಯುತ್ತಿತ್ತು.

"ನೆಗಡಿಗೂ ನಂಬರ್ ಇದೆಯೇನಮ್ಮಾ?" ಹೆಡ್ ಕಾನ್‌ಸ್ಟೇಬಲ್ ಕೆಣಕಿದ.

"ಇದೆ."

"ಸುಳ್ಳಿಗೆ?"

"ಅದು ನಿಮ್ಮ ಇಲಾಖೆಯಲ್ಲಿ ಸಿಗುತ್ತೆ."

ಇನ್ಸ್‌ಪೆಕ್ಟರ್ ನಗಲಿಲ್ಲ. "ಸತ್ತ ಮಗುವಿನ ಅನುಮತೀಲಿ ಇನ್ನೊಂದು ಮಗುವಿಗೆ ಆಪರೇಷನ್. ಯಾರು ಮಾಡಿಸಿದ್ದು?"

"ನಾನೇ."

"ಡಾಕ್ಟರಿಗೆ ಗೊತ್ತಿತ್ತಾ?"

"ಇಲ್ಲ. ಅನುಮತಿ ಬಂದಿದೆ ಅಂದೆ. ಅವರು ಕೇಳೋದೂ ಅಷ್ಟೇ."

ಕಂಪ್ಯೂಟರ್ ಜಪ್ತಿಯಾಯಿತು. ಸಂಜೆ ನಾಲ್ಕೂವರೆಗೆ ಬಂಧನ.

ಆಕೆಯ ಹೇಳಿಕೆಯ ಸಾರ ಹೀಗಿದೆ. ಇಬ್ಬರು ಮಕ್ಕಳದೂ ಒಂದೇ ಬಗೆಯ ಹೃದಯ: ಒಳಗೋಡೆ ಕೂಡಿಲ್ಲ, ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿಯೂ ಇಕ್ಕಟ್ಟು. ಎರಡನ್ನೂ ಒಟ್ಟಿಗೇ ಸರಿಪಡಿಸಬೇಕು. ಹೆಣ್ಣುಮಗುವಿಗಾಗಿ ದೋಷಕ್ಕೊಂದರಂತೆ ಎರಡು ಕೋಡ್ ಬರೆದು ಕಳಿಸಿದಾಗಲೆಲ್ಲ ವಿಮಾ ಕಚೇರಿಯು ಒಂದು ಹೃದಯಕ್ಕೆ ಒಂದೇ ಕೋಡ್ ಎಂದು ತಿರುಗಿಸಿ ಕಳಿಸಿತು. ಕಾಡಿ ಬೇಡಿ ಒಪ್ಪಿಸಿದಳು. ಅನುಮತಿ ಬಂದದ್ದು, ಶವವನ್ನು ತಾಯಿಯ ಕೈಗಿತ್ತ ಮಧ್ಯಾಹ್ನ. ಅಷ್ಟರಲ್ಲಿ ನಾಲ್ಕನೇ ಹಾಸಿಗೆಯ ಗಂಡುಮಗು ನೀಲಿಗಟ್ಟತೊಡಗಿತ್ತು. ಮರಣವೆಂದು ನಮೂದಿಸಿದರೆ ಅನುಮತಿ ರದ್ದು; ಗಂಡುಮಗುವಿಗಾಗಿ ಆ ಅಲೆದಾಟವೆಲ್ಲ ಮತ್ತೆ ಮೊದಲಿನಿಂದ. ಆಕೆ ನಮೂದಿಸಲಿಲ್ಲ.

ಕೋಡಮ್ಮನನ್ನು ಜೀಪು ಹತ್ತಿಸುವಾಗ ಹೊಲಿಗೆಯವಳು ಬಂದು ಅವಳ ಸೆರಗು ಹಿಡಿದಳು. ಪೇದೆ ಬಿಡಿಸಲು ಹೋದರೆ ಇನ್ಸ್‌ಪೆಕ್ಟರ್ ಬೇಡವೆಂದು ಸನ್ನೆ ಮಾಡಿದರು.

"ನನ್ನ ಮಗಳಿಗೆ ಯಾಕೆ ಇಂಥ ಸುಳ್ಳು ಬರೀಲಿಲ್ಲ ನೀನು?"

ಕೋಡಮ್ಮ ಸೆರಗು ಬಿಡಿಸಿಕೊಳ್ಳಲಿಲ್ಲ.

"ಸರಿಯಾಗಿ ಬರೆದ್ರೆ ಸಾಕು ಅಂದ್ಕೊಂಡಿದ್ದೆ, ತಾಯಿ."