ಕಿವಿ ಗುಂಯ್‌ಗುಟ್ಟಿದವಳ ಚೆಂಡು

ಚೆಂಡು ಇನ್ನೂ ಮೇಲೇರುತ್ತಿರುವಾಗಲೇ ಶೈನಾಜಳ ಕಿವಿಯ ಹಿಂದೆ ಅಂಟಿಸಿದ್ದ ಗುಂಡಿ ಗುಂಯ್‌ಗುಟ್ಟಿತು. ಅವಳು ಓಡಿದಳು, ಹಿಡಿದಳು. ಉಳಿದ ಹುಡುಗಿಯರು ನೆಟ್ಟ ಕಂಬಗಳಂತೆ ನಿಂತೇ ಇದ್ದರು. ವಿಜ್ಞಾನಿ ಡಾ. ನಿರಂಜನ ಹೆಬ್ಳೀಕರರು ಚಪ್ಪಾಳೆ ತಟ್ಟಿದರು, ತಮಗೇ.

ಅವರು ತಮ್ಮ ಈ ಯಂತ್ರಕ್ಕೆ ಹೊಣೆಸೂಚಿ ಎಂದು ಹೆಸರಿಟ್ಟಿದ್ದರು. ಮೈದಾನದ ಸುತ್ತಲಿನ ಕ್ಯಾಮೆರಾಗಳು ಚೆಂಡಿನ ಪಥವನ್ನೂ ಪ್ರತಿ ಆಟಗಾರ್ತಿಯ ವೇಗವನ್ನೂ ಲೆಕ್ಕ ಹಾಕಿ, ಯಾರು ಹಿಡಿಯಬೇಕೋ ಅವಳ ಕಿವಿಗೆ ಮಾತ್ರ ಸುದ್ದಿ ಮುಟ್ಟಿಸುತ್ತಿದ್ದವು. ಉಳಿದವರಿಗೆ ಮೌನ. ಮೌನವೆಂದರೆ ಕದಲಬೇಡ ಎಂದರ್ಥ. ಹಿಂದಿನ ವರ್ಷ ಒಂದೇ ಚೆಂಡಿಗೆ ಇಬ್ಬರು ಓಡಿ, ಡಿಕ್ಕಿಯಾಗಿ, ಗಂಗಮ್ಮನ ದವಡೆ ಮುರಿದಿತ್ತು. ಇನ್ನೊಂದು ಪೆಟ್ಟು ಬಿದ್ದರೆ ಆಟ ಬಿಡಬೇಕೆಂದು ವೈದ್ಯರು ಹೇಳಿದ್ದರು. ಹುಬ್ಬಳ್ಳಿಯ ಮಹಿಳಾ ಕ್ರಿಕೆಟ್ ತಂಡಕ್ಕೆ ಯಂತ್ರ ಬಂದದ್ದು ಆ ದವಡೆಯ ಪುಣ್ಯದಿಂದ.

"ನಮ್ಮ ಹುಡುಗ್ಯಾರು 'ನಂದು' ಅಂತ ಒದರಿ ಹೋಗ್ತಿದ್ರರಿ," ಎಂದರು ತರಬೇತುದಾರ ಮಕ್ತುಮಸಾಬ ಕಿಲ್ಲೇದಾರ. "ಒಬ್ಬಾಕಿ ಒದರಿದ್ಲಂದ್ರ ಮತ್ತೊಬ್ಬಾಕಿ ಅಕಿ ಬೆನ್ನಿಗೆ ನಿಲ್ಲಾಕಿ. ಅಕಿ ಬಿಟ್ರ ಇಕಿ ಹಿಡೀಬೇಕಲ್ಲ."

"ಅಂದು ಗಂಗಮ್ಮ ಒದರಲಿಲ್ಲವೇ?" ಎಂದರು ಹೆಬ್ಳೀಕರರು.

"ಇಬ್ರೂ ಒದರಿದ್ರರಿ."

"ಸಂತೆ," ಎಂದು ವಿಜ್ಞಾನಿ ನಕ್ಕರು. ಹೆಮ್ಮೆಗೆಂದು ತಾವೂ ಅಂಟಿಸಿಕೊಂಡಿದ್ದ ಗುಂಡಿಯನ್ನು ಸವರಿಕೊಂಡರು. "ಬೆನ್ನಿಗೆ ನಿಲ್ಲುವುದು ಶಕ್ತಿಯ ಅಪವ್ಯಯ, ಮಾಸ್ತರೇ. ಗುಂಡಿ ಕರೆಯದೆ ಓಡಿದವಳಿಗೆ ಶಿಕ್ಷೆ ಕೊಡಿ."

ಮಾಸ್ತರರು ಕೊಟ್ಟರು. ಕರೆಯದೆ ಓಡಿದವಳು ಮೈದಾನ ಸುತ್ತಬೇಕು. ಹುಡುಗಿಯರು ಬೇಗ ಕಲಿತರು. ತನ್ನದಲ್ಲ ಎನ್ನುವುದನ್ನು ಕಲಿಯಲು ಯಾರಿಗೂ ತಡವಾಗುವುದಿಲ್ಲ.

ಅಂತಿಮ ಪಂದ್ಯದಲ್ಲಿ ಚೆಂಡು ಎತ್ತರಕ್ಕೆ ಹೋಯಿತು. ಗಂಗಮ್ಮನ ಕಿವಿ ಗುಂಯ್‌ಗುಟ್ಟಿತು. ಮೇಲೆ ನೋಡುತ್ತ ಓಡಿದವಳು ಕಾಲು ಹೊರಳಿ, ಗದ್ದ ನೆಲಕ್ಕೆ ಬಡಿಯುವಂತೆ ಬಿದ್ದಳು. ಚೆಂಡು ಶೈನಾಜಳಿಂದ ನಾಲ್ಕೇ ಹೆಜ್ಜೆ ಆಚೆ ಇಳಿಯಿತು. ಅವಳು ಅದನ್ನು ಪರರ ಮನೆಯ ಸಾಮಾನಿನಂತೆ ನೋಡಿದಳು.

"ಸೂಚನೆ ಸರಿಯಾಗಿಯೇ ಇತ್ತು," ಎಂದರು ಹೆಬ್ಳೀಕರರು, ಯಾರೂ ಕೇಳದಿದ್ದರೂ.

ಗಂಗಮ್ಮ ಏಳಲಿಲ್ಲ. ಬಾಯಿಂದ ರಕ್ತ ಹುಲ್ಲಿಗೆ ಇಳಿಯುತ್ತಿತ್ತು. ಹುಡುಗಿಯರು ಅವಳನ್ನು ನೋಡಿದರು, ಒಬ್ಬರನ್ನೊಬ್ಬರು ನೋಡಿದರು, ಕಿವಿ ಮುಟ್ಟಿಕೊಂಡರು. ಯಾರ ಗುಂಡಿಯೂ ಗುಂಯ್‌ಗುಡಲಿಲ್ಲ. ಬಿದ್ದದ್ದು ಚೆಂಡಲ್ಲವಲ್ಲ.

"ನಂದು," ಎಂದು ಗೆರೆಯಾಚೆಯಿಂದ ಒದರಿ ಮಾಸ್ತರರು ಓಡಿದರು. ಗಂಗಮ್ಮನ ತಲೆಯನ್ನು ತೊಡೆಗೆ ಎತ್ತಿಕೊಂಡು ಶೈನಾಜಳ ಕಡೆ ತಿರುಗಿದರು. "ಮಗ್ಗಲದಾಗ ನಿಂತಿದ್ದೆಲ್ಲವಾ. ಯಾಕ ಬರಲಿಲ್ಲ?"

"ನನಗ ಸೂಚನೆ ಬಂದಿಲ್ರಿ ಸರ್. ಬರದ ಓಡಿದ್ರ ಸುತ್ತು ಹೊಡೀಬೇಕಲ್ರಿ. ನೀವ ಹೇಳಿದ್ರಿ."

ಮಾಸ್ತರರು ಕರವಸ್ತ್ರ ತೆಗೆದು ಗಂಗಮ್ಮನ ಬಾಯಿಗೆ ಒತ್ತಿ ಹಿಡಿದರು. ಅಷ್ಟರಲ್ಲಿ ನಿಧಾನವಾಗಿ ನಡೆದು ಬಂದ ಹೆಬ್ಳೀಕರರು, "ಮುಂದಿನ ಮಾದರಿಯಲ್ಲಿ ಬಿದ್ದವರನ್ನೂ ಸೇರಿಸುತ್ತೇನೆ," ಎಂದರು.

"ಸೇರಸ್ರಿ. ಈಗ ಆ ಕಡಿಂದ ಎತ್ರಿ."

ವಿಜ್ಞಾನಿ ಬಗ್ಗಿದರು. ಆದರೆ ಎತ್ತುವ ಮೊದಲು, ಒಮ್ಮೆ ಕಿವಿ ಮುಟ್ಟಿ ನೋಡಿಕೊಂಡರು.